ಬಿಪಿಡಿ ಇರೋ ಮಗುನ ಆಕ್ಸಿಜನ್ ಸಮೇತ ಮನೆಗೆ ಕರ್ಕೊಂಡ್ ಬರೋದು, ಆಕ್ಸಿಜನ್ "ಅಭ್ಯಾಸ" ಆಗ್ಬಿಡುತ್ತೆ ಅನ್ನೋದು ನಿಜಾನಾ?

ಮಲ್ಲಿಗೆಬಳ್ಳಿ:
ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲನೇ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ಮಗಳು 27ನೇ ವಾರಕ್ಕೆ ಹುಟ್ಟಿದ್ಲು, ಒಂದು ಕೆಜಿನೂ ಇರ್ಲಿಲ್ಲ. ಮೊದ್ಲು ವೆಂಟಿಲೇಟರ್, ಆಮೇಲೆ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡೋ ಮೆಷಿನ್), ಮಧ್ಯದಲ್ಲಿ ಇನ್‌ಫೆಕ್ಷನ್ ಆಗಿ ಮತ್ತೆ ವೆಂಟಿಲೇಟರ್, ಈಗ ಮೂಗಿಗೆ ಸಣ್ಣ ಪೈಪ್ ಹಾಕಿ ಸ್ವಲ್ಪ ಸ್ವಲ್ಪ ಆಕ್ಸಿಜನ್ ಕೊಡ್ತಿದಾರೆ. ಹಾಲು ಬಾಯಲ್ಲೇ ಕುಡೀತಾಳೆ, ತೂಕ ಏರ್ತಿದೆ, ನಗ್ತಾಳೆ ಕೂಡ. ಆದ್ರೆ ಪೈಪ್ ತೆಗೆದ್ರೆ ಸ್ವಲ್ಪ ಹೊತ್ತಲ್ಲೇ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, 85ಕ್ಕೆ ಇಳಿಯುತ್ತೆ. ಡಾಕ್ಟ್ರು ಇದು ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ), ಶ್ವಾಸಕೋಶದ ದೀರ್ಘಕಾಲದ ತೊಂದ್ರೆ, ಆಕ್ಸಿಜನ್ ಸಮೇತ ಮನೆಗೆ ಕಳಿಸ್ತೀವಿ ಅಂದ್ರು. ಅಲ್ಲಿಂದ ಮನೇಲಿ ಒಬ್ಬೊಬ್ರದ್ದು ಒಂದೊಂದು ಮಾತು. ನಮ್ಮತ್ತೆ, ಆಕ್ಸಿಜನ್ ಬೇಕಿರೋ ಮಗುನ ಮನೆಗೆ ಯಾಕೆ ಕಳಿಸ್ತಾರೆ, ಕೈ ಬಿಟ್ಟಿದಾರೆ ಅಂತಾನೇ ಅರ್ಥ ಅಂತಾರೆ. ನಮ್ಮ ಭಾವ, ಮನೇಲೂ ಕೊಡ್ತಾ ಹೋದ್ರೆ ಅದಕ್ಕೆ ಅಭ್ಯಾಸ ಆಗ್ಬಿಡುತ್ತೆ, ಶ್ವಾಸಕೋಶ ಸೋಮಾರಿ ಆಗುತ್ತೆ, ದಿನಾ ಸ್ವಲ್ಪ ಹೊತ್ತು ತೆಗೆದು ತೆಗೆದು ರೂಢಿ ಮಾಡ್ಸು ಅಂತಾರೆ. ನಂಗೆ ಯಾರ ಮಾತು ಕೇಳ್ಬೇಕು ಅಂತಾನೇ ತಿಳೀತಿಲ್ಲ. ಇದನ್ನ ದಾಟಿ ಬಂದವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನೀಲಿಕೊಡೆ:
ತಂಗಿ, ಮೊದ್ಲು ಒಂದು ಮಾತು. ಆಕ್ಸಿಜನ್ ಅಭ್ಯಾಸ ಆಗಲ್ಲ, ಆಗೋದಕ್ಕೆ ಅದು ನಶೆ ಪದಾರ್ಥ ಅಲ್ಲ. ನಿಮ್ಮ ಭಾವ ಪ್ರೀತಿಯಿಂದಾನೇ ಹೇಳಿರ್ತಾರೆ, ಆದ್ರೆ ಆ ಸಲಹೆ ಪಾಲಿಸ್ಬೇಡಿ. ನನ್ನ ಮಗ 26 ವಾರದವನು, ಅವನೂ ಆಕ್ಸಿಜನ್ ಜೊತೇಲೇ ಮನೆಗೆ ಬಂದಿದ್ದು, ಈಗ ಸ್ಕೂಲಿಗೆ ಹೋಗ್ತಾನೆ. ನಮಗೂ ಇದೇ ಮಾತನ್ನ ಹೇಳದೇ ಇದ್ದವ್ರೇ ಇಲ್ಲ, ಬಂದು ನೋಡಿದವ್ರೆಲ್ಲ "ಯಾವಾಗ ತೆಗೀತೀರಾ" ಅಂತಾನೇ ಕೇಳ್ತಿದ್ರು, ಮಗು ಹೇಗಿದೆ ಅಂತ ಕೇಳ್ತಿರ್ಲಿಲ್ಲ. ನಮ್ಮ ಡಾಕ್ಟ್ರು ಕೂರ್ಸಿ ಅರ್ಥ ಮಾಡ್ಸಿದ್ದು ಹೀಗೆ: ಬಿಪಿಡಿ ಮಗು ದಣಿವಿಂದ ಆಕ್ಸಿಜನ್ ಕೇಳ್ತಿಲ್ಲ, ಅದರ ಶ್ವಾಸಕೋಶದಲ್ಲಿ ಗಾಳಿಗೂಡುಗಳೇ ಕಮ್ಮಿ ಇವೆ, ಹೊಸ ಗೂಡು ಹುಟ್ಟೋವರೆಗೂ ಇರೋದ್ರಲ್ಲೇ ಸಂಸಾರ ಮಾಡ್ಬೇಕು, ಅದಕ್ಕೆ ಹೊರಗಿಂದ ಸ್ವಲ್ಪ ಜಾಸ್ತಿ ಆಕ್ಸಿಜನ್ ಬೇಕು. ಆಕ್ಸಿಜನ್ ತೆಗೆದಿಟ್ರೆ ಗೂಡು ಬೇಗ ಹುಟ್ಟಲ್ಲ. ಉಲ್ಟಾ, ಮಗು ಉಸಿರಾಡೋದಕ್ಕೇ ಶಕ್ತಿಯೆಲ್ಲ ಖರ್ಚು ಮಾಡುತ್ತೆ, ತೂಕ ನಿಂತ್ಹೋಗುತ್ತೆ, ತೂಕ ನಿಂತ್ರೆ ಶ್ವಾಸಕೋಶ ಬೆಳೆಯೋದೂ ನಿಧಾನ ಆಗುತ್ತೆ.

ವಾರ್ಡಿನಕ್ಕ:
ನಾನು ಎನ್‌ಐಸಿಯು (ನವಜಾತ ಶಿಶುಗಳ ಐಸಿಯು) ನರ್ಸು, ನೀಲಿಕೊಡೆ ಅವ್ರು ಹೇಳಿದ್ದು ಪೂರ್ತಿ ಸರಿ. ಇನ್ನೊಂದು ಸೇರಿಸ್ತೀನಿ, ಇದು ತುಂಬ ಜನಕ್ಕೆ ಗೊತ್ತಿರಲ್ಲ. ಶ್ವಾಸಕೋಶದ ರಕ್ತನಾಳಗಳ ಸ್ವಭಾವ ಏನಂದ್ರೆ ಆಕ್ಸಿಜನ್ ಕಮ್ಮಿ ಆದ್ರೆ ಬಿಗಿದುಕೊಳ್ತವೆ. ಹಾಗಾಗಿ ಮಗುನ ದಿನಾ 85, 86ರಲ್ಲಿ "ರೂಢಿ" ಮಾಡ್ಸೋಕೆ ಹೋದ್ರೆ ಆ ನಾಳಗಳು ಬಿಗಿಯಾಗೇ ಇರ್ತವೆ, ಹೃದಯದ ಬಲಭಾಗ ಜೋರಾಗಿ ತಳ್ಳಬೇಕಾಗುತ್ತೆ, ಅದು ಮುಂದುವರಿದ್ರೆ ಪಲ್ಮನರಿ ಹೈಪರ್‌ಟೆನ್ಷನ್, ಅಂದ್ರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಬಿಪಿ, ಆಗುತ್ತೆ. ಬಿಪಿಡಿ ಮಕ್ಕಳಲ್ಲಿ ನಾವು ಹೆದರೋದು ಇದಕ್ಕೇನೇ. ಮಗು ನೋಡೋಕೆ ಆರಾಮಾಗಿರುತ್ತೆ, ಒಳಗೆ ಹೃದಯ ದಣೀತಿರುತ್ತೆ. ಅದಕ್ಕೇ ಬಿಪಿಡಿ ಜಾಸ್ತಿ ಇರೋ ಮಕ್ಕಳಿಗೆ ಗರ್ಭದ ಲೆಕ್ಕದಲ್ಲಿ 36 ವಾರದ ಹೊತ್ತಿಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸೋದು. ನಿಮ್ಮ ಮಗುಗೆ ಎಕೋ ಆಗಿದ್ಯಾ ಕೇಳಿ, ಆಗಿಲ್ಲ ಅಂದ್ರೆ ಡಿಸ್ಚಾರ್ಜ್ ಮುಂಚೆ ಬೇಕಾ ಅಂತ ಡಾಕ್ಟ್ರನ್ನ ಕೇಳಿ.

ಓದುಗ_ದಿನಕರ:
ನನ್ನ ಮಗಳೂ 29 ವಾರದವ್ಳು, ಅವಳಿಗೆ ಬಿಪಿಡಿ ಹೆಚ್ಚು ಇರ್ಲಿಲ್ಲ, ಆದ್ರೆ ಆ ಹೊತ್ತಲ್ಲಿ ಈ ವಿಷ್ಯ ಓದಿದ್ದೇ ಓದಿದ್ದು. ಈ ಕಾಯಿಲೆಗೆ ಹೆಸರು ಬಂದಿದ್ದು 1967ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ನಾರ್ತ್‌ವೇ ಅನ್ನೋ ರೇಡಿಯಾಲಜಿಸ್ಟ್ ಮತ್ತೆ ಅವ್ರ ಜೊತೆಯವ್ರು ಬರೆದ ಲೇಖನದಿಂದ. ವೆಂಟಿಲೇಟರ್ ಹಾಕಿ ಬದುಕಿಸಿದ ಮಕ್ಕಳ ಎಕ್ಸ್‌ರೇ ನೋಡ್ತಾ ನೋಡ್ತಾ ಕೆಲವ್ರ ಶ್ವಾಸಕೋಶದಲ್ಲಿ ಗಾಯದ ಗುರುತು ಕಾಣಿಸ್ತು. ಆಗ ಆ ಮಕ್ಕಳು ಈಗಿನವ್ರಷ್ಟು ಚಿಕ್ಕವ್ರಲ್ಲ, 32 ವಾರ ಆಸುಪಾಸಿನವ್ರು, ಯಾಕಂದ್ರೆ ಅದಕ್ಕಿಂತ ತುಂಬ ಚಿಕ್ಕವ್ರು ಬದುಕೋದೇ ಅಪರೂಪ ಆಗಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1963ರಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವ್ರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ ಉಸಿರಾಟದ ತೊಂದ್ರೆಯಿಂದ ಎರಡು ದಿನಾನೂ ಬದುಕ್ಲಿಲ್ಲ. ದೇಶದ ಅಧ್ಯಕ್ಷನ ಮಗುಗೇ ಕೊಡೋಕೆ ಆಗ ಔಷಧಿ ಇರ್ಲಿಲ್ಲ ಅಂದ್ರೆ ಯೋಚ್ನೆ ಮಾಡಿ. ಈಗ 34 ವಾರದ ಮಗು ಹುಟ್ಟಿದ್ರೆ ಬಹುತೇಕ ಆರಾಮಾಗಿ ಮನೆಗೆ ಹೋಗುತ್ತೆ.

ಸಣ್ಣಹೆಜ್ಜೆ:
ದಿನಕರ್ ಸರ್, ಆವಾಗ್ಲೂ ಬಿಪಿಡಿ, ಈವಾಗ್ಲೂ ಬಿಪಿಡಿ, ಹಾಗಾದ್ರೆ ಏನು ಸುಧಾರಿಸ್ತು? ಇಷ್ಟು ಮೆಷಿನ್ ಬಂದ್ರೂ ಯಾಕೆ ಹೋಗಿಲ್ಲ ಇದು?

ಓದುಗ_ದಿನಕರ:
ಹೆಸರು ಒಂದೇ ಆದ್ರೂ ಕಾಯಿಲೆ ಒಂದೇ ಅಲ್ಲ ಸರ್. ಆಗಿನದ್ದು ಗಾಯ, ಜೋರಾದ ಪ್ರೆಷರ್, ಜೋರಾದ ಆಕ್ಸಿಜನ್, ಅದರಿಂದ ಶ್ವಾಸಕೋಶ ಕಲೆಗಟ್ಟೋದು. ಈಗಿನದ್ದು ಬೆಳವಣಿಗೆ ನಿಂತಿದ್ದು. 24, 25, 26 ವಾರದ ಮಕ್ಕಳು ಬದುಕ್ತಿದಾರೆ, ಆ ವಯಸ್ಸಲ್ಲಿ ಶ್ವಾಸಕೋಶದಲ್ಲಿ ನಿಜವಾದ ಗಾಳಿಗೂಡು ಇನ್ನೂ ಇರೋದೇ ಇಲ್ಲ, ಕೊಳವೆ ತುದೀಲಿ ಚೀಲದಂಥದ್ದು ಶುರುವಾಗ್ತಿರುತ್ತೆ ಅಷ್ಟೇ. ಗೂಡುಗಳು ಜೋರಾಗಿ ಹುಟ್ಟೋದು ಸುಮಾರು 36 ವಾರದ ಮೇಲೆ, ಹುಟ್ಟಿದ ಮೇಲೂ ವರ್ಷಗಟ್ಟಲೆ. ಆ ಕೆಲಸ ಹೊಟ್ಟೆ ಒಳಗೆ, ಕತ್ತಲಲ್ಲಿ, ನೀರಲ್ಲಿ ಆಗ್ಬೇಕಿತ್ತು, ಅದು ಗಾಳಿ, ಪ್ರೆಷರ್, ಇನ್‌ಫೆಕ್ಷನ್ ಮಧ್ಯೆ ಆಗ್ತಿದೆ. ಅದಕ್ಕೇ ಹೋಗಿಲ್ಲ. ಚಿಕ್ಕವ್ರು ಬದುಕ್ತಿರೋದ್ರಿಂದಾನೇ ಈ ಕಾಯಿಲೆ ಉಳ್ಕೊಂಡಿದೆ.

ಮಕ್ಕಳಡಾಕ್ಟರ್:
ದಿನಕರ್ ಅವ್ರು ಚೆನ್ನಾಗಿ ಹೇಳಿದ್ರು. ನಾನು ನವಜಾತ ಶಿಶುಗಳನ್ನ ನೋಡೋ ಡಾಕ್ಟ್ರು, ಯಾರ ಮಗುಗೂ ಇಲ್ಲಿ ಚಿಕಿತ್ಸೆ ಹೇಳಲ್ಲ, ವಿಷಯ ಮಾತ್ರ ಹೇಳ್ತೀನಿ. ಶ್ವಾಸಕೋಶ ಬಿಚ್ಚಿಕೊಂಡಿರೋಕೆ ಒಳಗೆ ಸರ್ಫ್ಯಾಕ್ಟೆಂಟ್ ಅನ್ನೋ ಪದಾರ್ಥ ಬೇಕು, ಅದಿಲ್ಲ ಅಂದ್ರೆ ಒದ್ದೆ ಪ್ಲಾಸ್ಟಿಕ್ ಕವರ್ ಒಳಬದಿ ಒಂದಕ್ಕೊಂದು ಅಂಟಿಕೊಳ್ಳುತ್ತಲ್ಲ ಹಾಗೆ ಪ್ರತಿ ಉಸಿರಿಗೂ ಅಂಟಿಕೊಳ್ಳುತ್ತೆ. ಮುಂಚೆ ಹುಟ್ಟಿದ ಮಕ್ಕಳ ಉಸಿರಾಟದ ತೊಂದ್ರೆಗೆ ಇದು ಕಮ್ಮಿ ಇರೋದೇ ಕಾರಣ ಅಂತ 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದ್ರು, ಹೊರಗಿಂದ ಕೊಟ್ರೆ ಮಗು ಚೇತರಿಸಿಕೊಳ್ಳುತ್ತೆ ಅಂತ 1980ರಲ್ಲಿ ಜಪಾನಿನ ಫುಜಿವಾರಾ ತೋರಿಸಿದ್ರು. ಮಧ್ಯೆ 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆ ಮುಂಚೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ರೆ ಮಗು ಶ್ವಾಸಕೋಶ ಬೇಗ ಪಕ್ವ ಆಗುತ್ತೆ ಅಂತ ತೋರಿಸಿದ್ರು. ಲಿಗಿನ್ಸ್‌ಗೆ ಅದು ಹೊಳೆದಿದ್ದು ಕುರಿಮರಿಯಿಂದ. ಹೆರಿಗೆ ಶುರುವಾಗೋದು ಹೇಗೆ ಅಂತ ಕುರಿಗಳ ಮೇಲೆ ಅಧ್ಯಯನ ಮಾಡ್ತಿದ್ರು, ಸ್ಟೆರಾಯ್ಡ್ ಕೊಟ್ಟಿದ್ದ, ಬದುಕಲೇಬಾರದಷ್ಟು ಮುಂಚೆ ಹುಟ್ಟಿದ ಮರಿಯೊಂದು ಉಸಿರಾಡ್ತಾ ಇತ್ತು, ಆಮೇಲೆ ನೋಡಿದ್ರೆ ಅದರ ಶ್ವಾಸಕೋಶ ಅರ್ಧಂಬರ್ಧ ಗಾಳಿ ತುಂಬ್ಕೊಂಡಿತ್ತು. ಇವತ್ತು ನಾವು ಗರ್ಭಿಣಿಗೆ ಕೊಡೋ ಆ ಇಂಜೆಕ್ಷನ್ ಹಿಂದೆ ಇರೋದು ಆ ಮರಿ. ಇವೆಲ್ಲ ಸಾವು ಕಮ್ಮಿ ಮಾಡಿದ್ವು, ಬಿಪಿಡಿನ ಪೂರ್ತಿ ತಡೀಲಿಲ್ಲ.

ಮಲ್ಲಿಗೆಬಳ್ಳಿ:
ಡಾಕ್ಟ್ರೇ, ಹಾಗಾದ್ರೆ ಬಿಪಿಡಿ ಅಂತ ಯಾವಾಗ ಹೇಳ್ತೀರಿ? ನಮಗೆ ಮೊದ್ಲು "ಆಗಬಹುದು" ಅಂದ್ರು, ಆಮೇಲೆ "ಆಗಿದೆ" ಅಂದ್ರು, ಮಧ್ಯದಲ್ಲಿ ಏನೂ ಹೊಸದಾಗಿ ಆದ ಹಾಗೆ ಕಾಣ್ಲಿಲ್ಲ.

ಮಕ್ಕಳಡಾಕ್ಟರ್:
ಒಳ್ಳೇ ಪ್ರಶ್ನೆ ಅಮ್ಮ. ಇದು ಒಂದು ಟೆಸ್ಟಲ್ಲಿ ಪಾಸಿಟಿವ್ ಬರೋ ಕಾಯಿಲೆ ಅಲ್ಲ, ಮಗುಗೆ ಇಂಥ ವಯಸ್ಸಲ್ಲಿ ಉಸಿರಿಗೆ ಎಷ್ಟು ಸಹಾಯ ಬೇಕಾಗಿದೆ ಅನ್ನೋದರ ಮೇಲೆ ಹೇಳೋದು. 2001ರ ಲೆಕ್ಕದಲ್ಲಿ ಒಟ್ಟು 28 ದಿನ ಆದ್ರೂ ಆಕ್ಸಿಜನ್ ಬೇಕಾದ ಮಗುಗೆ, ನಿಮ್ಮ ಮಗಳ ಥರ 32 ವಾರದೊಳಗೆ ಹುಟ್ಟಿದವ್ರಿಗೆ, ಗರ್ಭದ ವಯಸ್ಸಿನ ಲೆಕ್ಕದಲ್ಲಿ 36 ವಾರ ಆದಾಗ ನೋಡಿ ಕಮ್ಮಿ, ಮಧ್ಯಮ, ಜಾಸ್ತಿ ಅಂತ ಹೇಳ್ತಿದ್ರು. 2019ರಲ್ಲಿ ಬಂದ ಇನ್ನೊಂದು ಲೆಕ್ಕ ಸರಳ: 36 ವಾರದಲ್ಲಿ ಏನೂ ಬೇಡ ಅಂದ್ರೆ ಬಿಪಿಡಿ ಇಲ್ಲ, ಮೂಗಿನ ಪೈಪಲ್ಲಿ 2 ಲೀಟರ್ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಗ್ರೇಡ್ 1, ಅದಕ್ಕಿಂತ ಜಾಸ್ತಿ ಅಥವಾ ಸಿಪ್ಯಾಪ್ ಇದ್ರೆ ಗ್ರೇಡ್ 2, ಟ್ಯೂಬ್ ಹಾಕಿ ವೆಂಟಿಲೇಟರ್ ಇದ್ರೆ ಗ್ರೇಡ್ 3. ನಿಮಗೆ ಮಧ್ಯದಲ್ಲಿ ಏನೂ ಆಗದೆ ಹೆಸರು ಬದಲಾಗಿದ್ದು ಅದಕ್ಕೇ, ಆ ವಾರ ಬಂತು ಅಷ್ಟೇ.

ಸಣ್ಣಹೆಜ್ಜೆ:
ನಾನು ಬಂದಿದ್ದು ಬೇರೆ ಕಾರಣಕ್ಕೆ. ನಮ್ಮ ಮಗ ತಿಂಗಳು ತುಂಬೇ ಹುಟ್ಟಿದ್ದು, 3 ಕೆಜಿ ಮೇಲೆ ತೂಕ. ಹೊಟ್ಟೆ ಒಳಗೇ ಮಲ ಮಾಡಿ ಅದು ಶ್ವಾಸಕೋಶಕ್ಕೆ ಹೋಗಿ ವಾರಗಟ್ಟಲೆ ವೆಂಟಿಲೇಟರಲ್ಲಿದ್ದ. ಈಗ್ಲೂ ಆಕ್ಸಿಜನ್ ಬಿಟ್ಟಿಲ್ಲ. ಎಲ್ಲಿ ಕೇಳಿದ್ರೂ ಪ್ರಿಟರ್ಮ್ (ತಿಂಗಳು ತುಂಬದೆ ಹುಟ್ಟಿದ) ಮಕ್ಕಳ ಬಗ್ಗೆ ಮಾತ್ರ ಹೇಳ್ತಾರೆ, ನಮ್ಮಂಥವ್ರು ಎಲ್ಲೂ ಸೇರಲ್ವಾ ಅನ್ನಿಸ್ಬಿಟ್ಟಿದೆ.

ವಾರ್ಡಿನಕ್ಕ:
ಸೇರ್ತೀರಿ ಅಣ್ಣ, ಖಂಡಿತ ಸೇರ್ತೀರಿ. ತಿಂಗಳು ತುಂಬಿದ ಮಗುಗೂ ಹೀಗೆ ಮಲ ಒಳಗೆ ಹೋಗಿದ್ದು, ಜೋರು ನ್ಯುಮೋನಿಯಾ, ವಪೆಯಲ್ಲಿ (ಎದೆ, ಹೊಟ್ಟೆ ಮಧ್ಯದ ಪರದೆಯಲ್ಲಿ) ತೂತಿದ್ದು ಕರುಳು ಎದೆಗೆ ಏರಿ ಶ್ವಾಸಕೋಶನೇ ಸಣ್ಣದಾಗಿ ಹುಟ್ಟಿದ್ದು, ಹೃದಯದ ಆಪರೇಷನ್ ಆಗಿ ತುಂಬ ದಿನ ಮೆಷಿನಲ್ಲಿದ್ದಿದ್ದು, ಇವ್ರೆಲ್ಲರಿಗೂ ಶ್ವಾಸಕೋಶದ ದೀರ್ಘಕಾಲದ ತೊಂದ್ರೆ ಬರಬಹುದು. ಕಾರಣ ಬೇರೆ, ಆದ್ರೆ ಮನೇಲಿ ನೋಡ್ಕೊಳ್ಳೋದು, ಹಾಲು, ತೂಕ, ಸೋಂಕು ತಗಲದಂತೆ ಕಾಯೋದು, ಬಹುತೇಕ ಇದೇ. ನಿಮಗೆ ಒಂದು ಅನುಕೂಲಾನೂ ಇದೆ, ತಿಂಗಳು ತುಂಬಿದ ಮಗುಗೆ ಗಾಳಿಗೂಡು ಆಗ್ಲೇ ಎಷ್ಟೋ ಹುಟ್ಟಿರುತ್ತೆ.

ಗಾಳಿಪಟ:
ನಮ್ಮ ಪರಿಚಯದವ್ರು ಒಬ್ರು ದಿನಾ ಹಗಲು ಅರ್ಧ ಗಂಟೆ, ಒಂದು ಗಂಟೆ ಅಂತ ತಾವೇ ತೆಗೆದು ತೆಗೆದು ಬಿಡಿಸಿಬಿಟ್ರು, ಮಗು ಚೆನ್ನಾಗೇ ಇದೆ. ಎಲ್ಲದಕ್ಕೂ ಡಾಕ್ಟ್ರು ಹೇಳ್ಲಿ ಅಂತ ಕೂತ್ರೆ ವರ್ಷ ಆದ್ರೂ ಪೈಪ್ ಹೋಗಲ್ಲ. ಮಗು ಕೆಂಪಗಿದ್ರೆ ಆಯ್ತಲ್ವಾ?

ನೀಲಿಕೊಡೆ:
ಗಾಳಿಪಟ ಅವ್ರೇ, ದಯವಿಟ್ಟು ಇದನ್ನ ಸಲಹೆ ಅಂತ ಯಾರಿಗೂ ಕೊಡಬೇಡಿ. ಆ ಮಗುಗೆ ಬಿಡೋ ಸಮಯ ಬಂದಿತ್ತು, ಅದಕ್ಕೆ ಬಿಡ್ತು. ಕಣ್ಣಿಗೆ ಬಣ್ಣ ಕಾಣೋ ಹೊತ್ತಿಗೆ ತಡ ಆಗಿರುತ್ತೆ, 86, 87ರಲ್ಲಿರೋ ಮಗು ನೋಡೋಕೆ ಕೆಂಪಗೇ ಕಾಣ್ಬಹುದು. ಮತ್ತೆ ಹಗಲು ಎಚ್ಚರ ಇದ್ದಾಗ ಚೆನ್ನಾಗಿರೋ ಸ್ಯಾಚುರೇಷನ್ ನಿದ್ದೇಲಿ ಬೀಳುತ್ತೆ, ಹಾಲು ಕುಡಿಯೋವಾಗ ಬೀಳುತ್ತೆ. ಅದಕ್ಕೇ ಬಿಡಿಸೋವಾಗ್ಲೂ ಎಷ್ಟೋ ಕಡೆ ಹಗಲಿಂದು ಮೊದ್ಲು, ರಾತ್ರಿದು ಕೊನೆಗೆ. ನಮ್ಮಲ್ಲಿ ಬಿಡಿಸೋ ಮುಂಚೆ ರಾತ್ರಿ ಪೂರ್ತಿ ರೆಕಾರ್ಡ್ ಆಗೋ ಆಕ್ಸಿಮೀಟರ್ ಕಟ್ಟಿ ಆ ಗ್ರಾಫ್ ನೋಡಿದ್ರು. ಬೆಳಗಿನ ಜಾವ ಒಂದು ಕಡೆ ಗೆರೆ ಕೆಳಗೆ ಜಾರಿತ್ತು, ಮಗು ಆ ಹೊತ್ತಲ್ಲಿ ಪಕ್ಕದಲ್ಲೇ ಮಲಗಿತ್ತು, ನಮಗೆ ಏನೂ ಗೊತ್ತಾಗಿರ್ಲಿಲ್ಲ. ಇನ್ನೂ ಸ್ವಲ್ಪ ದಿನ ಇರ್ಲಿ ಅಂದ್ರು, ಇಟ್ವಿ. ತಡ ಆಗಿದ್ದಕ್ಕೆ ನನ್ನ ಮಗ ಏನೂ ಕಳ್ಕೊಂಡಿಲ್ಲ.

ಮಕ್ಕಳಡಾಕ್ಟರ್:
ಹಾಗಂತ ಆಕ್ಸಿಜನ್ ಎಷ್ಟು ಬೇಕಾದ್ರೂ ಕೊಡಬಹುದು ಅಂತಲ್ಲ, ಅದನ್ನೂ ಹೇಳ್ಬೇಕು. ಎನ್‌ಐಸಿಯುನಲ್ಲಿ ಚಿಕ್ಕ ಮಕ್ಕಳಿಗೆ ಜಾಸ್ತಿ ಆಕ್ಸಿಜನ್ ಆದ್ರೆ ಕಣ್ಣಿನ ರೆಟಿನಾಕ್ಕೆ ಪೆಟ್ಟು. 1940, 50ರ ದಶಕಗಳಲ್ಲಿ ಅದು ಗೊತ್ತಿಲ್ದೆ ಸಾವಿರಾರು ಮಕ್ಕಳು ಕಣ್ಣು ಕಳ್ಕೊಂಡ್ರು. ತೀರ ಕಮ್ಮಿ ಇಟ್ರೆ ಏನಾಗುತ್ತೆ ಅಂತ 2010ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸ್ತು, 85ರಿಂದ 89ರಲ್ಲಿ ಇಟ್ಟ ಗುಂಪಲ್ಲಿ ಕಣ್ಣಿನ ತೊಂದ್ರೆ ಕಮ್ಮಿ ಆಯ್ತು, ಆದ್ರೆ ಸಾವು 91ರಿಂದ 95ರ ಗುಂಪಿಗಿಂತ ಜಾಸ್ತಿ. ಅದಕ್ಕೇ ಈಗ 90ರಿಂದ 95ರ ಆಸುಪಾಸಲ್ಲಿ ಇಡೋದು, ಮಾನಿಟರ್ ಮೇಲೆ ಹೋದ್ರೂ ಕೂಗುತ್ತೆ ಕೆಳಗೆ ಬಂದ್ರೂ ಕೂಗುತ್ತೆ. ಕಣ್ಣು ಪಕ್ವ ಆದ್ಮೇಲೆ ಮನೇಲಿ ಸಾಮಾನ್ಯವಾಗಿ 92, 93ರ ಮೇಲೆ ಇರ್ಲಿ ಅಂತಾರೆ. ಆದ್ರೆ ನಿಮ್ಮ ಮಗುಗೆ ನಿಮ್ಮ ಡಾಕ್ಟ್ರು ಬರೆದುಕೊಟ್ಟ ನಂಬರೇ ನಂಬರು, ಕಣ್ಣಿನ ಚೆಕಪ್ ಒಂದೂ ತಪ್ಪಿಸ್ಬೇಡಿ.

ಮಲ್ಲಿಗೆಬಳ್ಳಿ:
ಇದನ್ನೆಲ್ಲ ನಮ್ಮನೆಯವ್ರಿಗೆ ಓದಿ ಹೇಳ್ದೆ, ಅತ್ತೆನೂ ಕೂತು ಕೇಳಿದ್ರು. ಈಗ ಇನ್ನೊಂದು ಭಯ. ಮಧ್ಯದಲ್ಲಿ ವೆಂಟಿಲೇಟರಿಂದ ಬಿಡಿಸೋಕೆ ಸ್ಟೆರಾಯ್ಡ್ ಕೊಟ್ಟಿದ್ರು. ಮೆದುಳಿಗೆ ಕೆಟ್ಟದ್ದು ಅಂತ ಎಲ್ಲೋ ಓದಿದೆ, ಆವತ್ತಿಂದ ನಿದ್ದೆ ಇಲ್ಲ.

ಮಕ್ಕಳಡಾಕ್ಟರ್:
ಅಮ್ಮ, ಆ ಭಯಕ್ಕೆ ಹಿನ್ನೆಲೆ ಇದೆ, ಆದ್ರೆ ನಿಮ್ಮ ಮಗಳಿಗೆ ಅದನ್ನ ಹಾಗೇ ಹೊಂದಿಸ್ಬೇಡಿ. 1990ರ ದಶಕದಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡನ್ನ ಹುಟ್ಟಿದ ಮೊದಲ ದಿನಗಳಲ್ಲೇ, ದೊಡ್ಡ ಡೋಸಲ್ಲಿ, ತುಂಬ ಮಕ್ಕಳಿಗೆ ಕೊಟ್ರು. ಉಸಿರಾಟ ಬೇಗ ಸುಧಾರಿಸ್ತು, ವರ್ಷಗಳಾದ್ಮೇಲೆ ಅವ್ರಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲು ಚಲನೆಗೆ ಬರೋ ತೊಂದ್ರೆ) ಜಾಸ್ತಿ ಕಾಣಿಸ್ತು, 2002ರಲ್ಲಿ ಅಮೆರಿಕದ ಮಕ್ಕಳ ಡಾಕ್ಟ್ರ ಸಂಘ ಸುಮ್ನೆ ಎಲ್ರಿಗೂ ಕೊಡ್ಬೇಡಿ ಅಂತ ಎಚ್ಚರಿಸ್ತು. ಈಗ ಕೊಡೋದು ಮೊದಲ ವಾರ ದಾಟಿದ ಮೇಲೆ, ವೆಂಟಿಲೇಟರ್ ಬಿಡೋಕೇ ಆಗ್ತಿಲ್ಲ ಅನ್ನೋ ಮಗುಗೆ, ಸಣ್ಣ ಡೋಸು, ಕಮ್ಮಿ ದಿನ. ವೆಂಟಿಲೇಟರಲ್ಲೇ ಉಳಿಯೋದೂ ಮೆದುಳಿಗೆ ಒಳ್ಳೇದಲ್ಲ, ಎರಡನ್ನೂ ತೂಗಿ ಕೊಟ್ಟಿರ್ತಾರೆ. ಯಾವ ಔಷಧಿ, ಎಷ್ಟು ದಿನ ಕೊಟ್ರು ಅಂತ ಡಿಸ್ಚಾರ್ಜ್ ಸಮ್ಮರಿಲಿ ಇರುತ್ತೆ, ಓದಿಸ್ಕೊಳ್ಳಿ. ಬೆಳವಣಿಗೆ ಚೆಕಪ್‌ಗೆ ತಪ್ಪದೇ ಹೋಗಿ, ಅಲ್ಲಿ ಏನಾದ್ರೂ ನಿಧಾನ ಕಂಡ್ರೆ ಬೇಗ ಫಿಸಿಯೋಥೆರಪಿ ಶುರು ಮಾಡ್ಬಹುದು. ಕೆಫೀನ್ ಕೊಟ್ಟಿದ್ರಾ? ಬಹುಶಃ ಕೊಟ್ಟಿರ್ತಾರೆ. ಉಸಿರು ನಿಲ್ಲೋದನ್ನ ತಡಿಯೋಕೆ ಕೊಡೋದು ಅದು, 2006ರಲ್ಲಿ ಗೊತ್ತಾಯ್ತು ಬಿಪಿಡಿನೂ ಕಮ್ಮಿ ಮಾಡುತ್ತೆ ಅಂತ.

ನೀಲಿಕೊಡೆ:
ಔಷಧಿ ಮಾತು ಆಯ್ತು, ನಾನು ಹಾಲಿನ ಮಾತು ಹೇಳ್ತೀನಿ, ಯಾಕಂದ್ರೆ ದಿನ ಪೂರ್ತಿ ನೀವು ಮಾಡೋದು ಅದೇ. ಬಿಪಿಡಿ ಮಗು ಮಾಮೂಲಿ ಮಗುಗಿಂತ ಜಾಸ್ತಿ ಶಕ್ತಿ ಸುಡುತ್ತೆ, ದಿನಕ್ಕೆ ಕೆಜಿಗೆ 120ರಿಂದ 150 ಕ್ಯಾಲರಿವರೆಗೂ ಬೇಕಾಗ್ಬಹುದು ಅಂತ ನಮಗೆ ಹೇಳಿದ್ರು. ಆದ್ರೆ ಕಷ್ಟ ಏನಂದ್ರೆ ಜಾಸ್ತಿ ನೀರು ಹೋದ್ರೆ ಶ್ವಾಸಕೋಶ ಒದ್ದೆ ಆಗುತ್ತೆ, ಹಾಗಾಗಿ ಹಾಲಿನ ಪ್ರಮಾಣ ಏರಿಸ್ದೆ ಅದರ ಸತ್ವ ಏರಿಸ್ಬೇಕು, ಎದೆಹಾಲಿಗೆ ಫಾರ್ಟಿಫೈಯರ್ ಸೇರಿಸೋದು ಅದಕ್ಕೇ. ಅಳತೆ ಡಾಕ್ಟ್ರು ಹೇಳಿದ್ದೇ, ಮಗು ಬೇಗ ದಪ್ಪ ಆಗ್ಲಿ ಅಂತ ಒಂದು ಚಿಟಿಕೆ ಜಾಸ್ತಿ ಹಾಕೋದು ಬೇಡ. ಕುಡಿಸೋವಾಗ ಮಗುನ ಪಕ್ಕಕ್ಕೆ ಸ್ವಲ್ಪ ಎತ್ತರಿಸಿ ಮಲಗಿಸಿ, ನಾಲ್ಕೈದು ಗುಟುಕಿಗೆ ಒಮ್ಮೆ ಬಾಟಲಿ ಕೆಳಗೆ ಮಾಡಿ, ಅದು ಉಸಿರು ತಗೊಳ್ಲಿ. ಹುಬ್ಬು ಏರಿಸಿ ಕಣ್ಣಗಲ ಮಾಡಿತು, ಬೆರಳು ಬಿಡಿಸಿತು, ಹಣೆ ಬೆವರ್ತು ಅಂದ್ರೆ ಸಾಕು ಅಂತಿದೆ ಅಂತ. ಇದು ಯಾವ ಮೆಷಿನೂ ತೋರ್ಸಲ್ಲ. ತೂಕ ಎರಡು ವಾರ ಅಲ್ಲೇ ನಿಂತ್ರೆ ಮೊದ್ಲು ಅನುಮಾನ ಪಡಬೇಕಾದ್ದು ಆಕ್ಸಿಜನ್ ಸಾಕಾಗ್ತಿದ್ಯಾ ಅಂತ, ಇದನ್ನ ನಾನು ಸಿಕ್ಕಿದವ್ರಿಗೆಲ್ಲ ಹೇಳ್ತೀನಿ.

ಸಣ್ಣಹೆಜ್ಜೆ:
ಮೂತ್ರ ಜಾಸ್ತಿ ಹೋಗೋ ಔಷಧಿ ಕೊಟ್ಟಿದಾರೆ ನಮಗೆ, ಫ್ಯೂರೋಸೆಮೈಡ್. ತುಂಬ ದಿನ ಕೊಡಬಹುದಾ?

ಮಕ್ಕಳಡಾಕ್ಟರ್:
ಶ್ವಾಸಕೋಶದ ನೀರು ಇಳಿಸೋಕೆ ಕೊಡ್ತಾರೆ, ಕೆಲವ್ರಿಗೆ ಒಳ್ಳೇ ಉಪಯೋಗ. ತುಂಬ ದಿನ ಆದ್ರೆ ರಕ್ತದಲ್ಲಿ ಪೊಟ್ಯಾಸಿಯಂ, ಸೋಡಿಯಂ ಇಳಿಯುತ್ತೆ, ಕಿಡ್ನೀಲಿ ಕ್ಯಾಲ್ಸಿಯಂ ಕೂರ್ಬಹುದು. ಬ್ಲಡ್ ಟೆಸ್ಟ್ ಯಾವಾಗ, ಕಿಡ್ನಿ ಸ್ಕ್ಯಾನ್ ಬೇಕಾ ಅಂತ ಕೇಳಿ. ನೀವಾಗೇ ನಿಲ್ಲಿಸ್ಬೇಡಿ.

ಗಾಳಿಪಟ:
ವಾರ್ಡಿನಕ್ಕ ಅವ್ರೇ, ನಾನು ಹೇಳಿದ್ದನ್ನ ವಾಪಸ್ ತಗೋತೀನಿ, ಹೃದಯದ ವಿಷ್ಯ ನಂಗೆ ಗೊತ್ತಿರ್ಲಿಲ್ಲ. ಆ ಪರಿಚಯದವ್ರಿಗೂ ಎಕೋ ಮಾಡ್ಸೋಕೆ ಹೇಳ್ತೀನಿ.

ವಾರ್ಡಿನಕ್ಕ:
ಹೇಳಿ, ತುಂಬ ಒಳ್ಳೇದು. ಮಲ್ಲಿಗೆಬಳ್ಳಿ, ಮನೆಗೆ ಹೋಗೋ ಮುಂಚೆ ವಾರ್ಡಲ್ಲೇ ಒಂದು ರಾತ್ರಿ ನೀವೇ ಪೂರ್ತಿ ನೋಡ್ಕೊಳ್ಳಿ ಅಂತಾರೆ, ಅದನ್ನ ಬಿಡ್ಬೇಡಿ. ಆಕ್ಸಿಮೀಟರ್ ಪ್ರೋಬ್ ಪಾದಕ್ಕೆ ಕಟ್ಟೋವಾಗ ಕೆಂಪು ಬೆಳಕಿನ ಬದಿ ಮತ್ತೆ ಅದನ್ನ ಹಿಡಿಯೋ ಬದಿ ಎದುರುಬದುರು ಇರ್ಬೇಕು, ಬಿಗಿ ಕಟ್ಟಬಾರ್ದು, ಜಾಗ ಆಗಾಗ ಬದಲಾಯಿಸ್ಬೇಕು, ಇಲ್ಲಾಂದ್ರೆ ಚರ್ಮ ಸುಲಿಯುತ್ತೆ. ನಂಬರ್ ಬಿತ್ತು ಅಂದ ತಕ್ಷಣ ಗಾಬರಿ ಬೇಡ, ಮೊದ್ಲು ಮಗು ನೋಡಿ, ತುಟಿ ಬಣ್ಣ, ಎದೆ ಎಷ್ಟು ಒಳಗೆ ಎಳೀತಿದೆ. ಆಮೇಲೆ ಮೆಷಿನ್ ತೋರ್ಸೋ ನಾಡಿ ಬಡಿತ ಸರಿಯಾಗಿ ಬರ್ತಿದ್ಯಾ, ಪಾದ ತಣ್ಣಗಿದ್ಯಾ, ಕಾಲು ಒದೀತಿದ್ಯಾ. ಆಮೇಲೆ ಮೂಗಿನ ಪೈಪ್ ಕಿತ್ತಿದ್ಯಾ, ಮಡಚಿದ್ಯಾ, ಸಿಲಿಂಡರ್ ಖಾಲಿ ಆಗಿದ್ಯಾ. ಇದು ಕೈಗೆ ಬಂದ್ರೆ ಅರ್ಧ ಭಯ ಹೋಗುತ್ತೆ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡೋ ಕಾನ್ಸಂಟ್ರೇಟರ್ ಮೆಷಿನ್ ಕರೆಂಟಲ್ಲಿ ನಡೆಯೋದ್ರಿಂದ ಪಕ್ಕದಲ್ಲಿ ತುಂಬಿದ ಸಿಲಿಂಡರ್ ಇರ್ಲೇಬೇಕು, ಅದನ್ನ ಬೀಳದ ಹಾಗೆ ಕಟ್ಟಿಡಿ. ಆ ರೂಮಲ್ಲಿ ಬೆಂಕಿ ಬೇಡ, ಸಿಗರೇಟು, ದೀಪ, ಬತ್ತಿ ಯಾವುದೂ ಬೇಡ, ಹೊಗೆನೇ ಶ್ವಾಸಕೋಶಕ್ಕೆ ಶತ್ರು, ಆಕ್ಸಿಜನ್ ಇದ್ದಲ್ಲಿ ಬೆಂಕಿ ಕ್ಷಣಕ್ಕೆ ಹಬ್ಬುತ್ತೆ. ಮೂಗಿನ ಹತ್ರ ಒಣಗಿದೆ ಅಂತ ವ್ಯಾಸಲೀನ್, ಎಣ್ಣೆ ಹಚ್ಚಬೇಡಿ, ನೀರಿನ ಜೆಲ್ ಕೇಳಿ.

ಮಲ್ಲಿಗೆಬಳ್ಳಿ:
ಬರ್ಕೊಂಡೆ ಅಕ್ಕ. ಮಗು ನೋಡೋಕೆ ಬರೋ ಜನಕ್ಕೆ ಹೇಗೆ ಬೇಡ ಅನ್ನೋದು? ಮತ್ತೆ ಲಸಿಕೆ, ಇಷ್ಟು ಸಣ್ಣ ಮಗುಗೆ ಕೊಡಬಹುದಾ, ತಿಂಗಳು ತುಂಬಿದ ಲೆಕ್ಕದಲ್ಲಿ ಕೊಡ್ಬೇಕಾ?

ನೀಲಿಕೊಡೆ:
ನಾವು ಬಾಗಿಲಿಗೆ ಚೀಟಿ ಅಂಟಿಸಿದ್ವಿ, ನೆಗಡಿ ಕೆಮ್ಮು ಇದ್ರೆ ದಯವಿಟ್ಟು ಇನ್ನೊಂದ್ಸಲ ಬನ್ನಿ, ಒಳಗೆ ಬಂದ್ರೆ ಕೈ ತೊಳೀರಿ ಅಂತ. ಕೆಲವ್ರಿಗೆ ಬೇಜಾರಾಯ್ತು, ಆಗ್ಲಿ. ಆ ಜವಾಬ್ದಾರಿ ನೀವೊಬ್ರೇ ಹೊರಬೇಡಿ, ಡಾಕ್ಟ್ರು ಬೇಡ ಅಂದಿದಾರೆ ಅಂತ ನಿಮ್ಮನೆಯವ್ರ ಬಾಯಲ್ಲಿ ಹೇಳ್ಸಿ.

ಮಕ್ಕಳಡಾಕ್ಟರ್:
ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲೇ, ಕಾಯಬೇಡಿ. ಮಗು ಮಗುಚಿತಾ, ಕೂತಿತಾ ಅಂತ ನೋಡೋವಾಗ ಮಾತ್ರ ತಿಂಗಳು ತುಂಬಬೇಕಿದ್ದ ದಿನದಿಂದ ಲೆಕ್ಕ. ಆರ್‌ಎಸ್‌ವಿ ಅನ್ನೋ ನೆಗಡಿ ವೈರಸ್ ಈ ಮಕ್ಕಳನ್ನ ವಾಪಸ್ ಆಸ್ಪತ್ರೆಗೆ ತರೋದ್ರಲ್ಲಿ ಮುಂದು. ಅದಕ್ಕೆ 1998ರಿಂದ ತಿಂಗಳಿಗೊಂದು ಪ್ಯಾಲಿವಿಜುಮ್ಯಾಬ್ ಇಂಜೆಕ್ಷನ್ ಇತ್ತು, ಈಚೆಗೆ ಒಂದು ಸೀಸನ್ನಿಗೆ ಒಂದೇ ಸಲ ಕೊಡೋ ನಿರ್ಸೆವಿಮ್ಯಾಬ್ ಬಂದಿದೆ, ನಿಮ್ಮಲ್ಲಿ ಸಿಗುತ್ತಾ, ನಿಮ್ಮ ಮಗುಗೆ ಬೇಕಾ ಅಂತ ಕೇಳಿ. ಫ್ಲೂ ಲಸಿಕೆ ಮಗುಗೆ 6 ತಿಂಗಳ ಮೇಲೆ, ಅಲ್ಲೀವರೆಗೂ ಮನೇಲಿರೋ ದೊಡ್ಡವ್ರೆಲ್ಲ ಹಾಕಿಸ್ಕೊಳ್ಳಿ, ಅದು ಮಗುಗೆ ಬೇಲಿ. ಮೊದಲ ಒಂದೆರಡು ವರ್ಷ ಮತ್ತೆ ಅಡ್ಮಿಟ್ ಆಗೋದು ಸಾಮಾನ್ಯ, ಆದ್ರೆ ಕುಗ್ಗಿಹೋಗ್ಬೇಡಿ. ಹಾಲು ಅರ್ಧಕ್ಕಿಂತ ಕಮ್ಮಿ ಆಯ್ತು, ನರಳ್ತಾ ಉಸಿರು ಬಿಡ್ತಿದೆ, ತುಟಿ ನೀಲಿ, ಉಸಿರು ನಿಂತು ನಿಂತು ಬರ್ತಿದೆ, ಎಬ್ಬಿಸಿದ್ರೂ ಏಳ್ತಿಲ್ಲ, ಆಕ್ಸಿಜನ್ ಏರಿಸಿದ್ರೂ ನಂಬರ್ ಏರ್ತಿಲ್ಲ ಅಂದ್ರೆ ಫೋನಲ್ಲಿ ಕೇಳ್ತಾ ಕೂರ್ಬೇಡಿ, ಆಕ್ಸಿಜನ್ ಸಮೇತ ಹೊರಡಿ.

ಓದುಗ_ದಿನಕರ:
ಡಾಕ್ಟ್ರೇ, ದೊಡ್ಡವ್ರಾದ್ಮೇಲೆ? ನನ್ನ ಮಗಳಿಗೆ ಈಗ್ಲೂ ನೆಗಡಿ ಬಂದ್ರೆ ಎದೆ ಸುಂಯ್ ಅನ್ನುತ್ತೆ.

ಮಕ್ಕಳಡಾಕ್ಟರ್:
ಬಹುಪಾಲು ಮಕ್ಕಳು ಮೊದಲ ಒಂದೆರಡು ವರ್ಷದಲ್ಲಿ ಆಕ್ಸಿಜನ್ ಬಿಡ್ತಾರೆ. ಆದ್ರೆ ಊದಿಸಿ ಮಾಡೋ ಶ್ವಾಸಕೋಶದ ಟೆಸ್ಟಲ್ಲಿ ಎಷ್ಟೋ ಮಕ್ಕಳಿಗೆ ದೊಡ್ಡವ್ರಾದ್ರೂ ಸ್ವಲ್ಪ ಕಮ್ಮಿ ಬರುತ್ತೆ. ಆ ಸುಂಯ್ ಶಬ್ದನ ಆಸ್ತಮಾ ಅಂತಾನೇ ಅಂದ್ಕೊಂಡುಬಿಡ್ತಾರೆ, ಮೂಲ ಬೇರೆ, ಆಸ್ತಮಾ ಇನ್‌ಹೇಲರ್ ಕೆಲವ್ರಿಗೆ ಕೆಲಸ ಮಾಡುತ್ತೆ, ಕೆಲವ್ರಿಗೆ ಇಲ್ಲ. ಹೊಸ ಡಾಕ್ಟ್ರ ಹತ್ರ ಹೋದಾಗೆಲ್ಲ ಎಷ್ಟನೇ ವಾರಕ್ಕೆ ಹುಟ್ಟಿದ್ದು, ಎಷ್ಟು ದಿನ ವೆಂಟಿಲೇಟರ್ ಅಂತ ಮೊದ್ಲೇ ಹೇಳಿ, ಅವ್ಳು ದೊಡ್ಡವ್ಳಾದ ಮೇಲೆ ಅವ್ಳಿಗೂ ಹೇಳಿಕೊಡಿ. ಓಡ್ಲಿ, ಈಜ್ಲಿ, ತಡೀಬೇಡಿ. ಸಿಗರೇಟಿನ ಹತ್ರ ಮಾತ್ರ ಹೋಗಬಾರ್ದು.

ಮಲ್ಲಿಗೆಬಳ್ಳಿ:
ಎಲ್ರಿಗೂ ತುಂಬ ಥ್ಯಾಂಕ್ಸ್. ಎಕೋ ಆಗಿದೆಯಂತೆ, ನಾರ್ಮಲ್ ಇದೆ ಅಂತ ಇವತ್ತು ಕೇಳ್ಕೊಂಡು ಬಂದೆ. ರಾತ್ರಿ ಅಭ್ಯಾಸಕ್ಕೆ ನಾಳೆ ವಾರ್ಡಿಗೆ ಹೋಗ್ತಿದೀನಿ. ಅತ್ತೆ ತಾವೂ ಬರ್ತೀನಿ, ಪ್ರೋಬ್ ಕಟ್ಟೋದು ನಂಗೂ ಹೇಳ್ಕೊಡ್ಲಿ ಅಂತಿದಾರೆ, ಇಬ್ರನ್ನ ಬಿಡ್ತಾರಾ ವಾರ್ಡಿನಕ್ಕ?

ವಾರ್ಡಿನಕ್ಕ:
ಕೇಳಿ ನೋಡಿ, ಬಿಡ್ತಾರೆ. ಮನೇಲಿ ಎರಡನೇ ಕೈಗೂ ಇದು ಬರ್ಲೇಬೇಕು ಅಂತ ನಾವೇ ಹೇಳ್ತೀವಿ. ಉಸಿರು ನಿಂತ್ರೆ ಏನು ಮಾಡ್ಬೇಕು ಅನ್ನೋ ಸಿಪಿಆರ್ ಟ್ರೇನಿಂಗನ್ನೂ ಇಬ್ರೂ ಗೊಂಬೆ ಮೇಲೆ ಮಾಡಿಯೇ ಬನ್ನಿ, ನೋಡಿ ಬರೋದು ಸಾಲ್ದು. ಆಕ್ಸಿಜನ್ ಸಪ್ಲೈ ಮಾಡೋವ್ರ ರಾತ್ರಿ ನಂಬರ್ ಬರ್ಕೊಂಡು ಸಿಲಿಂಡರಿಗೇ ಅಂಟ್ಸಿ.